ಮೊದಲು ಹಿಮ್ಮೇಳ, ಆಮೇಲೆ ಚಿತ್ರ

ಶಾಸ್ತ್ರೀಯ ಸಂಗೀತಕ್ಕೆ ಹೆಣೆದ ಆನಿಮೇಷನ್ ಚಿತ್ರಗಳನ್ನು ಕುಮಟಾ, ಹೊನ್ನಾವರ, ಭಟ್ಕಳದ ಶಾಲೆಗಳಲ್ಲಿ, ಸಭಾಭವನಗಳಲ್ಲಿ, ಕೆಲವೊಮ್ಮೆ ಯಾರದೋ ಮನೆಯ ಜಗುಲಿಯಲ್ಲಿ ತೋರಿಸುತ್ತ ಬಂದಿದ್ದೇನೆ. ಕಸುಬಿನಿಂದ ನಾನು ತಬಲಾ ಮಾಸ್ತರ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಕಾಯದಾ ಬಾಯಿಪಾಠ ಮಾಡಿಸುವುದು ಹೊಟ್ಟೆಪಾಡು. ಸಿನಿಮಾ ಹುಚ್ಚು ಆಮೇಲೆ ಅಂಟಿಕೊಂಡದ್ದು. “ಈ ಇಂಗ್ಲಿಷ್ ಸಂಗೀತ ನಮ್ಮ ಮಕ್ಕಳಿಗೆ ಎಂತ ತಿಳೀತದೆ ಮಾಸ್ತರೇ?” ಎಂದು ಕೇಳುವವರು ಈಗಲೂ ಇದ್ದಾರೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಗ್ಗೆ ಶಾಲೆಗೆ ಹೋಗುವ ಊರುಗಳಲ್ಲಿ ಇದಕ್ಕೆ ಬೇಕಾದ ಕಿವಿ ಆಗಲೇ ತಯಾರಾಗಿರುತ್ತದೆ ಎಂಬುದು ನನ್ನ ವಾದ. ಅದನ್ನು ಬಳಸಿಕೊಳ್ಳುವ ಬಗೆ ಮಾತ್ರ ಗೊತ್ತಿರಬೇಕು. ಕೆಲಸ ಮಾಡುತ್ತ ಕಂಡುಕೊಂಡ ಕೆಲವು ಸಂಗತಿಗಳು ಇಲ್ಲಿವೆ.

1. ಪರದೆ ಬೆಳಗುವ ಮೊದಲು ಕಿವಿಗೆ ಕೊಡಿ

ಡಿಸ್ನಿಯ ‘ಫ್ಯಾಂಟೇಸಿಯಾ’ (1940) ಈ ಬಗೆಯ ಚಿತ್ರಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಎಂಟು ಸಂಗೀತ ಕೃತಿಗಳು, ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿಯ ನಿರ್ದೇಶನದಲ್ಲಿ ವಾದ್ಯವೃಂದ, ಅದರ ಮೇಲೆ ಚಿತ್ರ. ಅದರಲ್ಲಿ ಮಿಕ್ಕಿ ಮೌಸ್ ಮಾಂತ್ರಿಕನ ಶಿಷ್ಯನಾಗಿ ಬರುವ ಭಾಗವನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಗಯಟೆ 1797ರಲ್ಲಿ ಬರೆದ ಕಥನಕವನವೊಂದನ್ನು ಇಟ್ಟುಕೊಂಡು ಫ್ರಾನ್ಸಿನ ಪಾಲ್ ದ್ಯುಕಾ 1897ರಲ್ಲಿ ರಚಿಸಿದ ಸಂಗೀತ ಅದು. ನೀರು ಹೊರಲು ಬೇಸರಪಟ್ಟ ಶಿಷ್ಯ ಕಸಬರಿಗೆಗೆ ಮಂತ್ರ ಹಾಕಿ ಅದರಿಂದ ನೀರು ಹೊರಿಸುತ್ತಾನೆ. ನಿಲ್ಲಿಸುವ ಮಂತ್ರ ಅವನಿಗೆ ಬಾರದು.

ಇದನ್ನೆಲ್ಲ ಮೊದಲೇ ಹೇಳಿಬಿಡಬೇಡಿ. ಪ್ರೊಜೆಕ್ಟರ್ ಮುಚ್ಚಿಟ್ಟು, ಬಸೂನ್ ಎಂಬ ದಪ್ಪ ದನಿಯ ಊದುವಾದ್ಯ ಕುಪ್ಪಳಿಸುತ್ತ ಬರುವ ಭಾಗವನ್ನಷ್ಟೇ ಕೇಳಿಸಿ. ಯಾರು ಬರುತ್ತಿದ್ದಾರೆ ಎಂದು ಕೇಳಿ. ಒಬ್ಬ ಆನೆ ಎನ್ನುತ್ತಾನೆ, ಇನ್ನೊಬ್ಬಳು ಕುಡಿದವನು ಎನ್ನುತ್ತಾಳೆ. ಹೊನ್ನಾವರದ ಕಡೆ ಯಾರಾದರೊಬ್ಬರು “ಹಾಸ್ಯಗಾರ ಬಂದ” ಎಂದೇ ಎನ್ನುತ್ತಾರೆ. ಹಾಸ್ಯಗಾರರ ಮೇಳಕ್ಕೆ ಹೆಸರಾದ ಕರ್ಕಿ ಇರುವುದು ಇದೇ ತಾಲ್ಲೂಕಿನಲ್ಲಿ, ಆಶ್ಚರ್ಯವೇನೂ ಇಲ್ಲ. ಇಷ್ಟಾದ ಮೇಲೆ ಚಿತ್ರ ಹಾಕಿದರೆ ಮಕ್ಕಳು ಅದನ್ನು ತಮ್ಮ ಉತ್ತರದ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಡಿಸ್ನಿಯವರೂ ಸಂಗೀತ ಕೇಳಿ ತಮಗೆ ತೋಚಿದ್ದನ್ನು ಹೇಳಿದ್ದಾರೆ, ಅಷ್ಟೆ ಎಂಬುದು ಮೊದಲ ದಿನವೇ ಮನಸ್ಸಿಗೆ ಹೋಗಬೇಕು. ಚಿತ್ರವನ್ನೇ ಮೊದಲು ತೋರಿಸಿದಿರೋ, ಆ ಬಸೂನ್ ಅವರ ಪಾಲಿಗೆ ಜನ್ಮಪೂರ್ತಿ ಕಸಬರಿಗೆಯೇ.

2. ಯಾರು ಯಾರ ಹಿಂದೆ ಹೋಗುತ್ತಿದ್ದಾರೆ?

ಈ ಒಂದು ಪ್ರಶ್ನೆಯಲ್ಲೇ ಅರ್ಧ ರಸಗ್ರಹಣ ಮುಗಿಯುತ್ತದೆ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳುವುದು ಸುಲಭ, ಹಿಮ್ಮೇಳ ಮುಮ್ಮೇಳ ಎಂಬ ಎರಡು ಮಾತು ಎಲ್ಲರ ಬಾಯಲ್ಲೂ ಇವೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ, ಗುಣವಂತೆಯಲ್ಲಿ ನೆಲೆಯಿರುವ ಇಡಗುಂಜಿ ಮೇಳದ ಆಟ ನೋಡಿದವರಿಗೆ ಗೊತ್ತು: ಭಾಗವತರು ಪದ್ಯ ಎತ್ತುತ್ತಾರೆ, ಆದರೆ ಕಣ್ಣು ವೇಷಧಾರಿಯ ಕಾಲಿನ ಮೇಲಿರುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥವರು (1933–2017) ಕುಣಿತದಲ್ಲಿ ಮೈಮರೆತರೆ ಹಿಮ್ಮೇಳ ಅದೇ ಸೊಲ್ಲನ್ನು ಮತ್ತೆ ಮತ್ತೆ ಎತ್ತಿ ಕಾಯಬೇಕು. ಅಲ್ಲಿ ಇಬ್ಬರೂ ಮುಂದೆ, ಇಬ್ಬರೂ ಹಿಂದೆ.

‘ಫ್ಯಾಂಟೇಸಿಯಾ’ದಲ್ಲಿ ಆ ಸೌಕರ್ಯ ಇರಲಿಲ್ಲ. ಅದರ ಸಂಗೀತದ ಬಹುಭಾಗ 1939ರಲ್ಲಿ ಫಿಲಡೆಲ್ಫಿಯಾದಲ್ಲಿ ಧ್ವನಿಮುದ್ರಣವಾಯಿತು. ಚಿತ್ರಕಾರರು ಆ ಮುದ್ರಿಕೆಯನ್ನು ಇಟ್ಟುಕೊಂಡು ಗೆರೆ ಎಳೆದರು. ಹಿಮ್ಮೇಳ ಯಾರಿಗೂ ಕಾಯುವುದಿಲ್ಲ, ಮುಮ್ಮೇಳವೇ ಮೈ ಬಗ್ಗಿಸಬೇಕು. ಇದಕ್ಕೆ ಪೂರ್ತಿ ಎದುರು ನಿಲ್ಲುವುದು ಕೆನಡಾದ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋಡ್ ಜುತ್ರಾ 1957ರಲ್ಲಿ ಮಾಡಿದ ‘ಎ ಚೇರಿ ಟೇಲ್’. ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂರಲು ಹೋಗುತ್ತಾನೆ, ಕುರ್ಚಿ ಒಪ್ಪುವುದಿಲ್ಲ, ಇಷ್ಟೇ ಕಥೆ. ನಿಜವಾದ ಮನುಷ್ಯ, ನಿಜವಾದ ಕುರ್ಚಿ, ಒಂದೊಂದೇ ಚೌಕಟ್ಟು ಹಿಡಿದು ಅಲುಗಾಡಿಸಿದ್ದು. ಅದಕ್ಕೆ ಸಿತಾರ್ ನುಡಿಸಿದವರು ಪಂಡಿತ್ ರವಿಶಂಕರ್, ತಬಲಾ ಚತುರಲಾಲ್. ಇಲ್ಲಿ ಚಿತ್ರ ಮೊದಲು, ಸಂಗೀತ ಆಮೇಲೆ. ಕುರ್ಚಿ ಮುನಿದಾಗ ತಬಲಾ ಏನು ಮಾಡುತ್ತದೆ, ಸೋತು ಕೂತಾಗ ಸಿತಾರ್ ಎಲ್ಲಿಗೆ ಇಳಿಯುತ್ತದೆ ಎಂದು ಕೇಳಿದರೆ ಏಳನೇ ಇಯತ್ತೆಯ ಮಕ್ಕಳೂ ಥಟ್ಟನೆ ಹೇಳುತ್ತಾರೆ.

ಭಟ್ಕಳದಿಂದ ದಕ್ಷಿಣಕ್ಕೆ, ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ನಡೆಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವಿದೆ. ಚಂಡೆ ಮದ್ದಳೆಗೆ ದಾರದ ಗೊಂಬೆಗಳು ಹೆಜ್ಜೆ ಹಾಕುತ್ತವೆ. ಜೀವವಿಲ್ಲದ್ದನ್ನು ಶಾಸ್ತ್ರೀಯ ಲಯಕ್ಕೆ ಕುಣಿಸುವುದೇ ಆನಿಮೇಷನ್ ಆದರೆ, ನಮ್ಮ ಕರಾವಳಿ ಅದನ್ನು ಕ್ಯಾಮೆರಾ ಬರುವ ಮೊದಲೇ ಮಾಡಿಕೊಂಡಿತ್ತು. ಅದನ್ನು ನೋಡಿದ ಮಕ್ಕಳ ಎದುರು ನನ್ನ ವಿವರಣೆ ಬಹಳ ಚಿಕ್ಕದಾಗುತ್ತದೆ.

3. ಇಪ್ಪತ್ನಾಲ್ಕನ್ನು ಭಾಗಿಸಲು ಕಲಿಸಿ

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಹಳೆಯ ಕಾರ್ಟೂನ್ ಸ್ಟುಡಿಯೋಗಳಲ್ಲಿ ಸಂಗೀತಗಾರರೂ ಚಿತ್ರಕಾರರೂ ಒಂದೇ ಹಾಳೆಯಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದರು: ಇಂತಿಷ್ಟು ಚೌಕಟ್ಟಿಗೆ ಒಂದು ಪೆಟ್ಟು. 12 ಚೌಕಟ್ಟಿಗೊಂದು ಪೆಟ್ಟಾದರೆ ನಿಮಿಷಕ್ಕೆ 120, 16ಕ್ಕೊಂದಾದರೆ 90, 8ಕ್ಕೊಂದಾದರೆ 180. ಫಿಲ್ಮಿನ ಅಂಚಿಗೆ ತೂತು ಹೊಡೆದು ಟಿಕ್ ಟಿಕ್ ಸದ್ದು ಬರುವಂತೆ ಮಾಡಿ, ಆ ಸದ್ದನ್ನು ಕಿವಿಗೆ ಹಾಕಿಕೊಂಡು ವಾದ್ಯವೃಂದದವರು ನುಡಿಸುತ್ತಿದ್ದರು.

ತಬಲಾ ಕಲಿಯುವವರಿಗೆ ಇದಕ್ಕಿಂತ ರುಚಿಯಾದ ಲೆಕ್ಕ ಇಲ್ಲ. 12 ಚೌಕಟ್ಟನ್ನು ಒಂದು ಮಾತ್ರೆ ಎಂದು ಹಿಡಿಯಿರಿ. ದುಗುಣಕ್ಕೆ 6, ತಿಗುಣಕ್ಕೆ 4, ಚೌಗುಣಕ್ಕೆ 3. ಆಡ್ ಲಯಕ್ಕೂ 8 ಎಂದು ಸರಿಯಾಗಿ ಕೂರುತ್ತದೆ. ಕುಆಡ್‌ಗೆ ಹೋದಿರೋ 9.6, ಚೌಕಟ್ಟನ್ನು ತುಂಡು ಮಾಡಲಿಕ್ಕೆ ಬರುವುದಿಲ್ಲ. ಕಾರ್ಟೂನಿನ ನಡಿಗೆ ಯಾಕೆ ಅಷ್ಟು ಅಚ್ಚುಕಟ್ಟು, ಯಾಕೆ ಕೆಲವು ಸಲ ಅತಿ ಅಚ್ಚುಕಟ್ಟು ಎಂಬುದಕ್ಕೆ ಈ ಭಾಗಾಕಾರವೂ ಒಂದು ಕಾರಣವಿರಬೇಕು. ಪ್ರತಿ ಹೆಜ್ಜೆಗೂ ಪ್ರತಿ ರೆಪ್ಪೆ ಬಡಿತಕ್ಕೂ ಒಂದೊಂದು ಸ್ವರ ಅಂಟಿಸುವ ಚಾಳಿಗೆ ಸಿನಿಮಾದವರು ಮಿಕ್ಕಿ ಮೌಸ್ ಹೆಸರನ್ನೇ ಇಟ್ಟಿದ್ದಾರೆ, ಅದೂ ಸ್ವಲ್ಪ ಅಸಡ್ಡೆಯಿಂದ. ಒಳ್ಳೆಯ ಚಿತ್ರಕಾರ ಸಮ್‌ನಲ್ಲಿ ಮಾತ್ರ ಕಾಲಿಟ್ಟು ನಡುವಿನ ಮಾತ್ರೆಗಳಲ್ಲಿ ತೇಲುತ್ತಾನೆ. ಇದನ್ನು ಮಕ್ಕಳು ಕೈತಾಳ ಹಾಕುತ್ತ ನೋಡಿದರೆ ತಾವೇ ಹಿಡಿಯುತ್ತಾರೆ.

4. ನಗುವಿನಿಂದ ಹೊರಡಿ

‘ದ ಕ್ಯಾಟ್ ಕನ್ಸರ್ಟೊ’ (1947) ಎಲ್ಲರೂ ಟಿವಿಯಲ್ಲಿ ನೋಡಿದ ಟಾಮ್ ಅಂಡ್ ಜೆರ್ರಿ. ಟಾಮ್ ಕೋಟು ಹಾಕಿ ಪಿಯಾನೋ ನುಡಿಸುತ್ತಾನೆ, ಒಳಗೆ ಮಲಗಿದ್ದ ಜೆರ್ರಿಯ ನಿದ್ದೆ ಕೆಡುತ್ತದೆ. ಆಸ್ಕರ್ ಪಡೆದ ಚಿತ್ರ. ನುಡಿಸುವುದು ಲಿಸ್ಟ್ ಬರೆದ ಎರಡನೇ ಹಂಗೇರಿಯನ್ ರ‍್ಯಾಪ್ಸಡಿ. ಅದರಲ್ಲಿ ಎರಡು ಭಾಗ: ನಿಧಾನದ ಲಶ್ಶಾನ್, ಧಾವಿಸುವ ಫ್ರಿಶ್ಕಾ. ಸಂಗೀತ ಶಾಲೆಯ ಮಕ್ಕಳಿಗೆ ವಿಲಂಬಿತ, ದ್ರುತ ಎಂದರೆ ಸಾಕು. ಜಗಳ ಯಾವಾಗ ಜೋರಾಗುತ್ತದೆ ಎಂದು ಗಮನಿಸಿದರೆ ಲಿಸ್ಟ್‌ನ ರಚನೆಯ ನಕ್ಷೆಯೇ ಕೈಗೆ ಸಿಗುತ್ತದೆ. ವಾರ್ನರ್ ಬ್ರದರ್ಸ್‌ನ ‘ರ‍್ಯಾಪ್ಸಡಿ ರ‍್ಯಾಬಿಟ್’ (1946) ಇದೇ ಸಂಗೀತಕ್ಕೆ ಮಾಡಿದ ಮೊಲದ ಚಿತ್ರ. ಎರಡೂ ಎಷ್ಟು ಹೋಲುತ್ತವೆಂದರೆ ಎರಡು ಸ್ಟುಡಿಯೋಗಳೂ ಕದ್ದವರು ನೀವು ಎಂದು ಪರಸ್ಪರ ಬೆರಳು ತೋರಿಸಿಕೊಂಡವು. ಬೆನ್ನುಬೆನ್ನಿಗೆ ಹಾಕಿ, ಹೋಲಿಸಲು ಬಿಡಿ. ದೊಡ್ಡವರ ಗೋಷ್ಠಿಗಳಲ್ಲೂ ಇದು ನಡೆಯುತ್ತದೆ. ಬಿಗುಮಾನ ಮೊದಲ ಹತ್ತು ನಿಮಿಷದಲ್ಲಿ ಕರಗದಿದ್ದರೆ ಆಮೇಲೆ ಕರಗುವುದು ಕಷ್ಟ.

5. ಜೋರು ಬೇರೆ, ಚುರುಕು ಬೇರೆ

ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಇಟಲಿಯ ಬ್ರೂನೊ ಬೊಜ್ಜೆಟ್ಟೊ 1976ರಲ್ಲಿ ‘ಅಲ್ಲೆಗ್ರೊ ನಾನ್ ತ್ರೊಪ್ಪೊ’ ಎಂಬ ಚಿತ್ರ ಮಾಡಿದ. ‘ಫ್ಯಾಂಟೇಸಿಯಾ’ವನ್ನು ಲೇವಡಿ ಮಾಡುತ್ತಲೇ ಅದಕ್ಕೆ ಸರಿಸಮ ನಿಲ್ಲುವ ಕೆಲಸ. ಅದರಲ್ಲಿ ರಾವೆಲ್‌ನ ‘ಬೊಲೆರೊ’ (1928) ಇದೆ. ಆಕಾಶನೌಕೆಯೊಂದು ಎಸೆದುಹೋದ ಕೋಕಾಕೋಲಾ ಬಾಟಲಿಯ ತಳದಲ್ಲಿ ಉಳಿದ ಹನಿಯಿಂದ ಜೀವ ಹುಟ್ಟಿ, ತೆವಳಿ, ಎದ್ದು, ಸಾಲುಗಟ್ಟಿ ನಡೆಯುತ್ತ ಹೋಗುತ್ತದೆ.

‘ಬೊಲೆರೊ’ದ ಗುಟ್ಟು ಇದು: ಮೊದಲಿಂದ ಕೊನೆತನಕ, ಹತ್ತಿರ ಹತ್ತಿರ ಕಾಲು ಗಂಟೆ, ಒಂದು ಸಣ್ಣ ಡೋಲು ಒಂದೇ ನಡೆಯನ್ನು ಬಾರಿಸುತ್ತದೆ. ಆರು ಎಣಿಕೆಗೊಮ್ಮೆ ಅದು ಮರಳುತ್ತದೆ. ರೂಪಕಕ್ಕೂ ಆರೇ ಅಕ್ಷರ ಎಂದು ಯಕ್ಷಗಾನ ಕಲಿತ ಮಕ್ಕಳು ಕೂಡಲೇ ಬೆರಳು ಮಡಿಸುತ್ತಾರೆ. ನಡೆ ಬೇರೆ, ಆದರೆ ಎಣಿಸಲಿಕ್ಕೆ ಅಡ್ಡಿಯಿಲ್ಲ. ರಾಗವೂ ಹೆಚ್ಚುಕಡಿಮೆ ಅದದೇ. ಬದಲಾಗುವುದು ವಾದ್ಯಗಳು ಮತ್ತು ಕಸುವು. ಕೊಳಲಲ್ಲಿ ಶುರುವಾದದ್ದು ಕೊನೆಗೆ ಇಡೀ ವಾದ್ಯವೃಂದದ ಗರ್ಜನೆಯಾಗುತ್ತದೆ.

ನಮ್ಮ ಕಿವಿ ಇಲ್ಲಿ ಒಂದು ಮೋಸಕ್ಕೆ ಬೀಳುತ್ತದೆ. ಆಟದಲ್ಲಿ ಯುದ್ಧ ಬಂತೆಂದರೆ ಚಂಡೆ ಏರುತ್ತದೆ, ಜೊತೆಗೆ ಕಾಲವೂ ಏರುತ್ತದೆ. ಜೋರು ಮತ್ತು ಚುರುಕು ಒಟ್ಟಿಗೇ ಬರುವುದು ನಮಗೆ ರೂಢಿ. ಹಾಗಾಗಿ ‘ಬೊಲೆರೊ’ ಮುಗಿದ ಮೇಲೆ ಕೇಳಿದರೆ ಬಹಳ ಜನ, “ಕೊನೆಕೊನೆಗೆ ಎಷ್ಟು ಫಾಸ್ಟ್ ಆಯ್ತಲ್ಲ” ಎನ್ನುತ್ತಾರೆ. ಆಗ ಕೈತಾಳ ಹಾಕಿಸುತ್ತ ಇನ್ನೊಮ್ಮೆ ಹಾಕಬೇಕು. ಕೈ ಒಂದೇ ಕಾಲದಲ್ಲಿ ಹೋಗುತ್ತಿರುತ್ತದೆ, ಪರದೆಯ ಮೇಲಿನ ಪ್ರಾಣಿಗಳೂ ಅದೇ ಹೆಜ್ಜೆಯಲ್ಲಿ ನಡೆಯುತ್ತಿರುತ್ತವೆ, ಎದೆ ಮಾತ್ರ ಹೊಡೆದುಕೊಳ್ಳುತ್ತಿರುತ್ತದೆ. ಕುಮಟಾದಲ್ಲಿ ಒಬ್ಬ ಹುಡುಗಿ “ಅಕ್ಕೋರೇ, ಕಾಲ ಏರಲೇ ಇಲ್ಲ!” ಎಂದು ತನ್ನ ಟೀಚರಿಗೆ ಕೂಗಿ ಹೇಳಿದಳು. ಅಷ್ಟು ಸಿಕ್ಕರೆ ನನಗೆ ಸಾಕು.

ತಬಲಾದವರಿಗೆ ಇನ್ನೂ ಒಂದು ಮಾತು. ನಮ್ಮ ಏಕವ್ಯಕ್ತಿ ವಾದನದಲ್ಲಿ ಹಾರ್ಮೋನಿಯಂ ನಗ್ಮಾ ಹಿಡಿದು ಕೂತಿರುತ್ತದೆ, ಬದಲಾವಣೆ ತಬಲಾದ ಜವಾಬ್ದಾರಿ. ರಾವೆಲ್ ನಗ್ಮಾವನ್ನೂ ಠೇಕಾವನ್ನೂ ಎರಡನ್ನೂ ಕಟ್ಟಿಹಾಕಿ, ಬಣ್ಣವೊಂದನ್ನೇ ಬಿಚ್ಚಿಬಿಟ್ಟ. ಬೊಜ್ಜೆಟ್ಟೊ ಅದನ್ನು ಸರಿಯಾಗಿ ಕೇಳಿಸಿಕೊಂಡಿದ್ದಾನೆ: ಅವನ ಮೆರವಣಿಗೆಯಲ್ಲಿ ನಡಿಗೆ ಬದಲಾಗದು, ನಡೆಯುವವರು ಬದಲಾಗುತ್ತಾರೆ. ಡಿಸ್ನಿಯ ಎಂಟು ಭಾಗಗಳಲ್ಲಿ ಸಂಗೀತದ ಎಲುಬನ್ನು ಇಷ್ಟು ಖಚಿತವಾಗಿ ಮುಟ್ಟಿದ್ದು ನನಗಂತೂ ಕಂಡಿಲ್ಲ.

6. ವಾದ್ಯ ಗುರುತಿಸುವ ಪರೀಕ್ಷೆ ಮಾಡಬೇಡಿ

ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗೆಂದೇ ಬರೆದ ‘ಪೀಟರ್ ಅಂಡ್ ದ ವುಲ್ಫ್’ನಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ವಾದ್ಯ: ಹಕ್ಕಿಗೆ ಕೊಳಲು, ಬಾತಿಗೆ ಓಬೊ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್. ಇದನ್ನು ಕಂಡ ಕೂಡಲೇ ನಮ್ಮ ಶಿಕ್ಷಕರಿಗೆ ಪ್ರಶ್ನೆಪತ್ರಿಕೆ ನೆನಪಾಗುತ್ತದೆ. ಬೇಡ. ಹೆಸರು ಆಮೇಲೆ ಬರಲಿ, ಪ್ರವೇಶವನ್ನು ನೋಡಲಿ. ವೇಷ ಯಾವುದೆಂದು ಚೌಕಿಯ ಕಡೆಯಿಂದ ಬರುವಾಗಲೇ ಚಂಡೆಯ ಪೆಟ್ಟಿನಲ್ಲಿ ತಿಳಿಯುವವರಿಗೆ ಇದೇನು ಹೊಸದೇ? 2006ರಲ್ಲಿ ಸೂಜಿ ಟೆಂಪಲ್‌ಟನ್ ಗೊಂಬೆಗಳಿಂದ ಮಾಡಿದ ಚಿತ್ರ ತೋರಿಸಿ. ಅದಕ್ಕೂ ಆಸ್ಕರ್ ಬಂದಿದೆ. ಅದರಲ್ಲಿ ನಿರೂಪಕನಿಲ್ಲ, ಮಾತಿಲ್ಲ. ನವಾಯತಿ, ಕೊಂಕಣಿ, ಉರ್ದು, ಕನ್ನಡ ನಾಲ್ಕೂ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಭಟ್ಕಳದಂಥ ಊರಿಗೆ ಇದಕ್ಕಿಂತ ಅನುಕೂಲದ ಚಿತ್ರ ಸಿಗದು.

7. ಕಥೆಯಿಲ್ಲದ್ದನ್ನೂ ತೋರಿಸಿ, ಹೆದರಬೇಡಿ

ಇಶು ಪಟೇಲ್ ಗುಜರಾತಿನವರು, ಕೆನಡಾದಲ್ಲಿ ಕೆಲಸ ಮಾಡಿದವರು. 1977ರ ಅವರ ‘ಬೀಡ್ ಗೇಮ್’ ಐದಾರು ನಿಮಿಷದ್ದು. ಕಪ್ಪು ನೆಲದ ಮೇಲೆ ಸಾವಿರಾರು ಬಣ್ಣದ ಮಣಿಗಳು ಕೂಡಿ ಪ್ರಾಣಿಯಾಗುತ್ತವೆ, ಒಂದನ್ನೊಂದು ನುಂಗುತ್ತವೆ, ಮನುಷ್ಯರಾಗುತ್ತವೆ, ಹೊಡೆದಾಡಿಕೊಳ್ಳುತ್ತ ಬಾಂಬಿನ ತನಕ ಹೋಗುತ್ತವೆ. ಹಿಂದಿರುವುದು ಬರೀ ತಾಳವಾದ್ಯ. ಕಲ್ಕತ್ತೆಯ ಹಿರಿಯ ತಬಲಾ ಗುರು ಜ್ಞಾನಪ್ರಕಾಶ ಘೋಷರ ಕೆಲಸ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಹೆಂಗಸರ ಮಣಿ ಕಸೂತಿ ಇದಕ್ಕೆ ಪ್ರೇರಣೆ.

ಕುಮಟಾ, ಹೊನ್ನಾವರದ ಹಾಲಕ್ಕಿ ಕೇರಿಗಳಲ್ಲಿ ಅಜ್ಜಿಯರ ಕೊರಳಲ್ಲಿ ಮಣಿಸರಗಳ ರಾಶಿ ನೋಡಿ ಬೆಳೆದ ಮಕ್ಕಳು ಈ ಚಿತ್ರವನ್ನು ಬೇರೆಯವರಂತೆ ನೋಡುವುದಿಲ್ಲ. ಮಣಿ ಪೋಣಿಸುವುದರಲ್ಲಿ ಎಣಿಕೆ ಇದೆ ಎಂದು ಅವರಿಗೆ ಗೊತ್ತು. ಚಿತ್ರದಲ್ಲೂ ಅದೇ ಎಣಿಕೆ ಹುಡುಕುತ್ತಾರೆ. ಇದನ್ನೂ ‘ಎ ಚೇರಿ ಟೇಲ್’ಅನ್ನೂ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ತನ್ನ ಜಾಲತಾಣದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ. ಖರ್ಚಿನ ನೆವ ಹೇಳುವ ಹಾಗಿಲ್ಲ.

8. ಒಪ್ಪದಿರುವುದಕ್ಕೆ ಜಾಗ ಕೊಡಿ

ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ (1913) ಪುರಾತನ ರಷ್ಯಾದ ಬಲಿಯಾಚರಣೆಯ ಬ್ಯಾಲೆಗೆ ಬರೆದದ್ದು. ಡಿಸ್ನಿಯವರು ಅದನ್ನು ಕತ್ತರಿಸಿ, ಹಿಂದುಮುಂದು ಮಾಡಿ, ಡೈನೋಸಾರ್ ಹಾಕಿದರು. ಬದುಕಿದ್ದ ಸ್ಟ್ರಾವಿನ್‌ಸ್ಕಿ ಮುಂದೆ ಅದನ್ನು ಬಹಿರಂಗವಾಗಿಯೇ ಜರಿದರು. ಬೀಥೋವನ್‌ನ ಆರನೇ ಸಿಂಫನಿ ಹಳ್ಳಿಗಾಡಿನ ಹೊಳೆ, ಮಳೆ, ಗುಡುಗಿನದು. ಚಿತ್ರದಲ್ಲಿ ಗ್ರೀಕ್ ಪುರಾಣದ ರೆಕ್ಕೆ ಕುದುರೆಗಳು ಅಡ್ಡಾಡುತ್ತವೆ. ಡೈನೋಸಾರ್ ನನಗೆ ಒಪ್ಪಿಗೆ, ಕುದುರೆ ಒಪ್ಪಿಗೆಯಿಲ್ಲ. ಮಳೆಯ ಸಂಗೀತಕ್ಕೆ ಮಳೆಯನ್ನಷ್ಟೇ ತೋರಿಸಿದ್ದರೆ ಸಾಕಿತ್ತು ಎಂದು ಆಗುಂಬೆ ಗುಡುಗು ಕೇಳಿದ ಯಾರೂ ಹೇಳಿಯಾರು.

‘ಫ್ಯಾಂಟೇಸಿಯಾ 2000’ದಲ್ಲಿ ರೆಸ್ಪಿಗಿಯ ‘ಪೈನ್ಸ್ ಆಫ್ ರೋಮ್’ (1924) ಇದೆ. ಹೆಸರೇ ಹೇಳುವಂತೆ ಅದು ರೋಮಿನ ಮರಗಳ ಬಗ್ಗೆ. ಕೊನೆಯ ಭಾಗ ಹಳೆಯ ಹೆದ್ದಾರಿಯಲ್ಲಿ ಸೈನ್ಯ ನಡೆದುಬರುವ ಕಲ್ಪನೆ. ಚಿತ್ರದಲ್ಲಿ ತಿಮಿಂಗಿಲಗಳು ಹಾರುತ್ತವೆ, ಮರಿಯೊಂದು ಹಿಮಗಡ್ಡೆಯೊಳಗೆ ಸಿಕ್ಕಿಬೀಳುತ್ತದೆ. ಕಾಸರಕೋಡಿನ ಮೀನುಗಾರರ ಮಕ್ಕಳ ಎದುರು ಇದನ್ನು ಹಾಕಿದಾಗ ಹಾರುವುದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಅವರಿಗೆ ಎದ್ದು ಕಂಡದ್ದು ಬೇರೆ: ಇಷ್ಟು ದೊಡ್ಡ ಮೈ ತಿರುಗಲು ಇಷ್ಟು ಹೊತ್ತು ಬೇಕು, ಸಂಗೀತ ಆ ಹೊತ್ತನ್ನು ಕೊಟ್ಟಿದೆ ಎಂಬುದು. ದೋಣಿ ತಿರುಗಿಸುವುದನ್ನು ಕಂಡವರ ವಿಮರ್ಶೆ ಅದು. ಸಂಗೀತದ ವಿಷಯವನ್ನು ಬಿಟ್ಟೂ ಅದರ ತೂಕವನ್ನು ಹಿಡಿಯಬಹುದು ಎಂದು ನಾನು ಹೇಳಬೇಕಾದ್ದನ್ನು ಅವರೇ ಹೇಳಿಬಿಟ್ಟರು.

9. ಎಕೋ ತೆಗೆಸಿ

ಮೈಕ್ ಸೆಟ್ಟಿನವರು ಒಳ್ಳೆಯವರು. ಆದರೆ ಅವರ ಪೆಟ್ಟಿಗೆ ಭಾಷಣಕ್ಕೆ, ಭಜನೆಗೆ ಹೊಂದಿಸಿದ್ದು. ಮೊದಲು ಎಕೋ ತೆಗೆಸಿ, ಆಮೇಲೆ ಕೀರಲು ಇಳಿಸಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಂತೂ ಮಂದ್ರದ ದನಿಗಳೇ ಸತ್ತುಹೋಗುತ್ತವೆ. ‘ಬೊಲೆರೊ’ದ ಮೊದಲ ನಿಮಿಷ ಕೇಳುವುದೇ ಇಲ್ಲ, ಜನ ಸೌಂಡ್ ಬರ್ತಿಲ್ಲ ಎನ್ನುತ್ತಾರೆ. 1940ರಲ್ಲಿ ‘ಫ್ಯಾಂಟೇಸಿಯಾ’ ಪ್ರದರ್ಶನಕ್ಕೆಂದು ಥಿಯೇಟರುಗಳಲ್ಲಿ ಸುತ್ತಲೂ ಸ್ಪೀಕರ್ ಕೂರಿಸುವ ಹೊಸ ವ್ಯವಸ್ಥೆಯನ್ನೇ ಮಾಡಿದ್ದರು. ನಾವು ಎರಡು ಒಳ್ಳೆಯ ಪೆಟ್ಟಿಗೆಗಳನ್ನು ಕಿವಿಯ ಎತ್ತರಕ್ಕೆ ಇಟ್ಟರೂ ಆಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ತಗಡಿನ ಮಾಡಿನ ಕೆಳಗೆ ಯಾವ ಪ್ರದರ್ಶನವೂ ಬೇಡ. ಹಂಚಿನ ಮಾಡಾದರೆ ಅಡ್ಡಿಯಿಲ್ಲ.

10. ದೊಡ್ಡವರಿಗೆ ಬೆಕ್ಕನ್ನು ತೋರಿಸಿ

ಬೊಜ್ಜೆಟ್ಟೊನ ಅದೇ ಚಿತ್ರದಲ್ಲಿ ಸಿಬೇಲಿಯಸ್‌ನ ‘ವಾಲ್ಸ್ ತ್ರಿಸ್ತ್’ ಇದೆ. ಪಾಳುಬಿದ್ದ ಮನೆಯಲ್ಲಿ ಒಂದು ಬೆಕ್ಕು. ಅದು ನೋಡಿದಲ್ಲೆಲ್ಲ ಹಿಂದಿನ ಮನೆ, ಮಂದಿ, ಅಡುಗೆಮನೆ ಒಂದು ಕ್ಷಣ ಕಾಣಿಸಿ ಅಳಿಸಿಹೋಗುತ್ತವೆ. ಮೂರರ ಎಣಿಕೆಯ ನೃತ್ಯ ಎದ್ದಾಗ ನೆನಪು ಬಣ್ಣ ತುಂಬುತ್ತದೆ, ಕುಸಿದಾಗ ಗೋಡೆ ಉಳಿಯುತ್ತದೆ. ಕೊನೆಗೆ ಬೆಕ್ಕೂ ಇಲ್ಲ, ಮನೆಯನ್ನೂ ಕೆಡವುತ್ತಾರೆ. ಕಾರ್ಟೂನ್ ಮಕ್ಕಳಿಗೆ ಎಂದು ಬಾಗಿಲಲ್ಲೇ ನಿಂತವರನ್ನು ಒಳಗೆ ಕೂರಿಸಲು ಇದಕ್ಕಿಂತ ಬೇರೆ ಬೇಕಿಲ್ಲ. ಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ಬೀಗ ಹಾಕಿದ ಮನೆಗಳು ಇಲ್ಲಿ ಬೀದಿಗೊಂದಿವೆ; ಹೆದ್ದಾರಿ 66 ಅಗಲವಾಗುವಾಗ ಅರ್ಧಕ್ಕೆ ಸೀಳಿದ ಮನೆಗಳ ಒಳಗೋಡೆಯ ಬಣ್ಣವನ್ನು ನಾವೆಲ್ಲ ನೋಡಿದ್ದೇವೆ. ಈ ಚಿತ್ರದ ಮೇಲೆ ಚರ್ಚೆ ಇಡಬೇಡಿ. ಬೇಕಾದರೆ ಚಾ ಕೊಡಿ.

11. ಕೊನೆಗೆ ಮಾಡಿಸಿ

ಭಾಗವತಿಕೆಗೆ ಹೆಣೆದ ಒಳ್ಳೆಯ ಆನಿಮೇಷನ್ ಚಿತ್ರಕ್ಕಾಗಿ ಬೇರೆಯವರನ್ನು ಕಾಯುವುದಕ್ಕಿಂತ ಮಕ್ಕಳಿಂದ ಹತ್ತು ಸೆಕೆಂಡಿನದನ್ನು ಮಾಡಿಸುವುದು ಸುಲಭ. ಒಂದು ಫೋನು, ಒಂದೊಂದೇ ಫೋಟೋ ಜೋಡಿಸುವ ಉಚಿತ ಆ್ಯಪ್, ರಟ್ಟಿನಲ್ಲಿ ಕತ್ತರಿಸಿ ಕೀಲಿಗೆ ದಾರ ಹಾಕಿದ ಒಂದು ವೇಷ. ಸಂಗೀತ ಮೊದಲು ಮುದ್ರಿಸಿಕೊಳ್ಳಿ: ಬರೀ ಮದ್ದಳೆ, ಝಂಪೆ ತಾಳ, ಸೆಕೆಂಡಿಗೆ ಒಂದು ಅಕ್ಷರ. ಸೆಕೆಂಡಿಗೆ 12 ಫೋಟೋ ಎಂದು ಇಟ್ಟುಕೊಂಡರೆ ಹತ್ತು ಅಕ್ಷರದ ಒಂದು ಆವರ್ತಕ್ಕೆ 120 ಫೋಟೋ. ಹೆಜ್ಜೆ ಎಲ್ಲಿ ಬೀಳಬೇಕೆಂದು ಮೊದಲೇ ಹಾಳೆಯಲ್ಲಿ ಬರೆದುಕೊಳ್ಳಲಿ. ಫೋಟೋ 1, 13, 25 ಹೀಗೆ. ಕಾಲ ಏರಿಸಿ ದುಪ್ಪಟ್ಟು ಮಾಡಿದರೆ ಒಂದು ಅಕ್ಷರಕ್ಕೆ ಆರೇ ಫೋಟೋ ಉಳಿಯುತ್ತದೆ, ಕೈಯ ಚಲನೆ ಒರಟಾಗುತ್ತದೆ. ಆಗ ಯಾವ ಚಲನೆಯನ್ನು ಬಿಡಬೇಕೆಂದು ಅವರೇ ಜಗಳವಾಡಿ ತೀರ್ಮಾನಿಸುತ್ತಾರೆ. ಕಿಟಕಿ ಮುಚ್ಚಿ ಬಲ್ಬಿನ ಬೆಳಕಿನಲ್ಲೇ ತೆಗೆಯಿರಿ, ಹೊರಗಿನ ಮೋಡ ಸರಿದರೆ ಚಿತ್ರ ಮಿನುಗುತ್ತದೆ. ಫೋನನ್ನು ಪುಸ್ತಕಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಅದರ ಬೆಳಕಿನ ಅಳತೆಯನ್ನು ಲಾಕ್ ಮಾಡಿ. ಕೇದಗೆ ಮುಂದಲೆಯನ್ನು ಎರಡು ಪದರ ರಟ್ಟಿನಲ್ಲಿ ಮಾಡಿ. ಎಲ್ಲಕ್ಕಿಂತ ಮೊದಲು ಹರಿಯುವುದು ಅದೇ.